‘ತೆಗೆ’ ಎಂದರೆ ಏನು

“ತೆಗೆದಿದ್ದೀನಿ ಅಂತ ಅದೇ ಹೇಳ್ತಿದೆ ತಾಯಿ. ಕಾಲು ಗಂಟೆಯಿಂದ ಕಾಯ್ತಾ ಕೂತಿದ್ದೀನಿ, ಒಂದು ಅಕ್ಷರವೂ ಕಾಣ್ತಿಲ್ಲ,” ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಪರದೆಯನ್ನೇ ದಿಟ್ಟಿಸಿದರು.

ಕೈಪಿಡಿಯಮ್ಮ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಮೇಷ್ಟ್ರು ಒಂದೇ ಬೆರಳಲ್ಲಿ ಕುಟ್ಟಿದ ಸಾಲು ಅಲ್ಲಿತ್ತು: ‘ತ ಅಕ್ಷರದ ಕಡತ ತೆಗಿ.’ ಅದರ ಕೆಳಗೆ ನಿಘಂಟು ಕಚೇರಿಯ ಎಐ ಸಹಾಯಕನ ವಿನಯದ ಉತ್ತರ: ‘ಕಡತವನ್ನು ತೆಗೆದಿದ್ದೇನೆ.’ ಬಾಗಿಲು ತೆಗಿ ಅನ್ನುವ ಹಾಗೆ ಮೇಷ್ಟ್ರು ಹೇಳಿದ್ದರು. ಕಸ ತೆಗಿ ಅಂದ ಹಾಗೆ ಅದು ತಿಳಿದುಕೊಂಡಿತ್ತು.

ತಪ್ಪು ಅದರದ್ದಲ್ಲ. ಸಹಾಯಕನ ಕೈಗೆ ಕೊಟ್ಟ ಒಂದೊಂದು ಸಾಧನವೂ, ಅಂದರೆ ಅದು ಕೆಲಸಕ್ಕೆ ಕರೆಯುವ ಒಂದೊಂದು ಪುಟ್ಟ ಪ್ರೋಗ್ರಾಮೂ, ಏನು ಮಾಡುತ್ತದೆ ಎಂದು ವಿವರಣೆ ಬರೆದವಳು ಇವಳೇ. ಇಪ್ಪತ್ತು ವರ್ಷ ಮಿಕ್ಸಿಗೆ, ಇಸ್ತ್ರಿಪೆಟ್ಟಿಗೆಗೆ, ನೀರಿನ ಪಂಪಿಗೆ ಕೈಪಿಡಿ ಬರೆದು ಈ ಅಡ್ಡಹೆಸರು ಸಂಪಾದಿಸಿದವಳು. ಕೈಪಿಡಿಯನ್ನು ಯಾರು ಓದುತ್ತಾರೆ? ಪೆಟ್ಟಿಗೆ ಬಿಚ್ಚಿದವರು ಮೊದಲು ಬಿಸಾಡುವುದೇ ಅದನ್ನು. ಅದೇ ರೂಢಿಯಲ್ಲಿ ಕಾಫಿಗೆ ಏಳುವ ಮುಂಚೆ ಎರಡು ಸಾಲು ಗೀಚಿದ್ದಳು: ‘ಮೊದಲನೆಯದು ಕಡತವನ್ನು ತೆರೆಯುತ್ತದೆ. ಎರಡನೆಯದು ಕಡತವನ್ನು ತೆಗೆಯುತ್ತದೆ.’ ಅಷ್ಟನ್ನೇ ವೇದವಾಕ್ಯ ಅಂದುಕೊಂಡು ನಡೆಯುವ ಓದುಗ ತನಗೂ ಸಿಕ್ಕಿದ್ದಾನೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಹೋದದ್ದು ಸಣ್ಣದಲ್ಲ. ಮೇಷ್ಟ್ರು ನಿವೃತ್ತರಾದ ಮೇಲೆ ಹನ್ನೊಂದು ವರ್ಷ ಅಲೆದು ಬಡಗಿ, ದರ್ಜಿ, ದಾದಿಯರ ಬಾಯಿಂದ ಕೇಳಿ ಕೂಡಿಟ್ಟ ಮಾತುಗಳ ನಿಘಂಟಿನ ‘ತ’ ಭಾಗ ಅದು. ಹೇಳಿದವರಲ್ಲಿ ಅರ್ಧ ಜನ ಈಗಿಲ್ಲ. ಬರೆದುಕೊಂಡ ಚೀಟಿಗಳು ಹೋದ ತಿಂಗಳೇ ರದ್ದಿಗೆ ಹೋದವು. “ಎಲ್ಲಾ ಕಂಪ್ಯೂಟರಲ್ಲಿದೆಯಲ್ಲ ಮೇಷ್ಟ್ರೇ, ಇನ್ಯಾಕೆ ಈ ಧೂಳು?” ಎಂದವಳೂ ಇವಳೇ.

‘ಅದನ್ನು ವಾಪಸ್ ತಾ’ ಎಂದು ಟೈಪು ಮಾಡಿದಳು.

‘ತೆಗೆದ ಕಡತ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಕೊಟ್ಟ ವಿವರಣೆಯಲ್ಲಿಲ್ಲ. ಗೊತ್ತಿಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ. ಸಾಧನ ಕಟ್ಟಿದವರನ್ನು ಈಗಲೇ ಕೇಳಿ.’

ಕಟ್ಟಿದವನು ಪಕ್ಕದ ಕೋಣೆಯ ಎಂಜಿನಿಯರ್. ಕೇಳಿದ್ದಕ್ಕಷ್ಟೇ ಬಾಯಿ ಬಿಡುವವನಾದ್ದರಿಂದ ಕಚೇರಿಯಲ್ಲಿ ಅವನಿಗೆ ಮೌನಿ ಎಂದೇ ಹೆಸರು. ಅವಳು ಅಲ್ಲಿಗೆ ಓಡಿ ಆದದ್ದನ್ನು ಹೇಳಿದಳು.

“ಕಂಪ್ಯೂಟರಿನ ಕಸದ ಬುಟ್ಟೀಲಿ ಇರುತ್ತೆ,” ಎಂದ ಮೌನಿ. “ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಬುಟ್ಟಿ ತಾನೇ ಖಾಲಿಯಾಗುತ್ತೆ.”

ಹನ್ನೆರಡಕ್ಕೆ ಎಂಟು ನಿಮಿಷವಿತ್ತು.

“ಅಯ್ಯೋ ಪುಣ್ಯಾತ್ಮ, ಇದನ್ನ ಮೊದಲೇ ಹೇಳ್ಬಾರದಾ?”

“ನೀವು ಕೇಳ್ಲಿಲ್ಲ ಅಕ್ಕಾ.”

ನಿಜ, ಕೇಳಿರಲಿಲ್ಲ. ಮೌನಿ ಎದ್ದು ಬಂದು ಮೇಷ್ಟ್ರ ಪಕ್ಕದಲ್ಲಿ ನಿಂತೇ ಏನೇನೋ ಒತ್ತಿದ. ಹನ್ನೆರಡಕ್ಕೆ ಮೂರು ನಿಮಿಷವಿದ್ದಾಗ ಪರದೆಯ ತುಂಬ ಮೇಷ್ಟ್ರ ಮಾತುಗಳು ಸಾಲುಗಟ್ಟಿ ಬಂದು ನಿಂತವು. ಅವಳು ಮೌನಿಯ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ಅವನು ಕೈ ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯದೆ ಮೇಷ್ಟ್ರ ಮುಖ ನೋಡಿದ.

“ನೀವು ನಾಲ್ಕು ಬೈದಿದ್ರೆ ಚೆನ್ನಾಗಿತ್ತು ಮೇಷ್ಟ್ರೇ,” ಎಂದಳು ಕಣ್ಣೊರೆಸಿಕೊಂಡು.

“ಯಾಕೆ ಬೈಯ್ಲಿ? ಮೂವತ್ತು ವರ್ಷ ಪಾಠ ಹೇಳಿದ್ದೀನಿ, ಹೇಳಿದ್ದನ್ನ ಇಷ್ಟು ಚೆನ್ನಾಗಿ ಕೇಳೋ ಶಿಷ್ಯ ಒಬ್ಬನೂ ಸಿಗಲಿಲ್ಲ. ಅಂಥವನಿಗೆ ಅರ್ಧಂಬರ್ಧ ಹೇಳಬಾರದು, ಅಷ್ಟೇ. ಕುರ್ಚಿ ಎಳ್ಕೊ. ಇಬ್ಬರೂ ಕೂತು ಸರಿ ಮಾಡೋಣ.”

ಇಂಥ ಮನುಷ್ಯನ ಪಕ್ಕ ಕೂರುವ ಪುಣ್ಯ ತನಗಿತ್ತಲ್ಲ ಎಂದುಕೊಳ್ಳುತ್ತ ಕೂತಳು. ಮೌನಿಯನ್ನೂ ಬಿಡಲಿಲ್ಲ, ಊಟಕ್ಕೆ ಹೊರಟವನನ್ನು ತಡೆದು ಪ್ರಶ್ನೆ ಕೇಳಿ ಕೇಳಿ ಅವನ ಒಂದು ವರ್ಷದ ಮಾತನ್ನೆಲ್ಲ ಒಂದೇ ಸಲ ಆಡಿಸಿದಳು. ಕೊನೆಗೆ ಬರೆದದ್ದು ಹೀಗೆ: ‘ಈ ಸಾಧನ ಕಡತವನ್ನು ಅಳಿಸುತ್ತದೆ. ತೆರೆಯಲು ಇದನ್ನು ಬಳಸಬೇಡ. ಅಳಿಸಿದ್ದು ಮುಂದೆ ಬರುವ ಮಧ್ಯಾಹ್ನ ಹನ್ನೆರಡರವರೆಗೆ ಬುಟ್ಟಿಯಲ್ಲಿರುತ್ತದೆ. ಆಮೇಲೆ ಯಾರಿಂದಲೂ ಮರಳಿ ತರಲಾಗದು. ಯಾರಾದರೂ ತೆಗೆ ಎಂದರೆ, ತೆರೆಯಬೇಕೋ ಅಳಿಸಬೇಕೋ ಎಂದು ಕೇಳು. ಉತ್ತರ ಬರುವ ತನಕ ಮುಟ್ಟಬೇಡ.’

ಮೇಷ್ಟ್ರು ಅದನ್ನು ತರಗತಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಎರಡು ಸಲ ಓದಿದರು. ಆಮೇಲೆ ತಮ್ಮ ಕಡತಕ್ಕೆ ಹೋಗಿ ‘ತೆಗೆ’ ಎಂಬ ಮಾತನ್ನು ಹುಡುಕಿದರು. ‘ಕಿಟಕಿ ತೆಗೆ, ಗಾಳಿ ಬರಲಿ’ ಎಂದಿತ್ತು. ಎದುರಿಗೆ, ಹೇಳಿದವರು: ದಾದಿ. ‘ಆ ಮೊಳೆ ತೆಗೆ’, ಹೇಳಿದವರು: ಬಡಗಿ. ಅದರ ಕೆಳಗೆ ಒಂದೊಂದೇ ಅಕ್ಷರ ಕುಟ್ಟುತ್ತ, ‘ಯಾರಾದರೂ ತೆಗೆ ಎಂದರೆ, ತೆರೆಯಬೇಕೋ ಅಳಿಸಬೇಕೋ ಎಂದು ಕೇಳು’ ಎಂದು ಬರೆದರು.

“ಹೇಳಿದವರು ಯಾರು ಅಂತ ಹಾಕ್ಲಿ ತಾಯಿ?”

ಅವಳು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಮೇಷ್ಟ್ರು ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕಾದರು.