ಜೋಡಿಗೊಂದು

"ಹೊಲಿಯೋವಾಗ ನಡುಗದ ಕೈ ಕುಯ್ಯೋವಾಗ ಯಾಕೆ ನಡುಗ್ತದೆ? ಎಳಿಯೇ ಬ್ಲೇಡು, ದರಿದ್ರ ಮುಂಡೆ!"

ಮೇಸ್ತ್ರಿ ಎಸೆದ ಶೂ ಹೊಲಿಗೆಯಕ್ಕನ ಎದೆಗೆ ಬಡಿದು ಮಡಿಲಿಗೆ ಬಿತ್ತು. ಕಪ್ಪು ಚರ್ಮ, ದಪ್ಪ ಅಟ್ಟೆ. ಹಿಮ್ಮಡಿಯ ಮೇಲಿನ ಎರಡು ಸಾಲು ಹೊಲಿಗೆ ಅವಳದೇ. ದಾರದ ತುದಿಯನ್ನು ಒಳಕ್ಕೆ ಅಡಗಿಸುವವಳು ಅಲ್ಲಿದ್ದ ಮೂವತ್ತು ಹೆಂಗಸರಲ್ಲಿ ಅವಳೊಬ್ಬಳೇ.

ಗೋದಾಮಿನಲ್ಲಿ ಸೂರು ಮುಟ್ಟುವಷ್ಟು ಡಬ್ಬಗಳು. ಮೂರು ತಿಂಗಳು ಉಣ್ಣುವ ಹೊತ್ತನ್ನೂ ಕಿತ್ತುಕೊಂಡು ಹೊಲಿಸಿದ್ದರು. ಈಗ ಕೊಳ್ಳುವವರಿಲ್ಲ. ಅಗ್ಗಕ್ಕೆ ಬಿಟ್ಟರೆ ಹೊಸ ಮಾಲಿನ ಬೆಲೆ ಬೀಳುತ್ತದಂತೆ. ಅದಕ್ಕೇ ಕೊಯ್ದು ಕಸಕ್ಕೆ ಹಾಕುವುದು. ಕೊಯ್ದು ಮುಗಿದ ಮೇಲೆ ಕಾರ್ಖಾನೆಗೆ ಬೀಗ.

ಅವಳ ಗಂಡ ರಸ್ತೆಗೆ ಡಾಂಬರು ಹಾಕುವವನು. ಸವೆದ ಚಪ್ಪಲಿ ಕಾದ ಡಾಂಬರಿಗೆ ಕರಗಿ ಅಂಗಾಲಿಗೆ ಅಂಟಿತ್ತು. ಬಿಡಿಸುವಾಗ ಚರ್ಮವೂ ಜೊತೆಗೇ ಬಂದಿತ್ತು. ಶೂ ಇಲ್ಲದೆ ಕೆಲಸಕ್ಕೆ ಕಾಲಿಡಬೇಡ ಎಂದು ಕಂಟ್ರಾಕ್ಟರ್ ಅಟ್ಟಿದ್ದ. ಸೋಮವಾರ ಹೋಗದಿದ್ದರೆ ಆ ಜಾಗಕ್ಕೆ ಬೇರೆಯವನು.

"ಸ್ವಾಮಿ, ಹೇಗೂ ಕಸಕ್ಕೆ ಹೋಗೋದು. ಒಂಬತ್ತನೇ ನಂಬರಿಂದು ಒಂದು ಜೋಡಿ ಕೊಡಿ. ಗಂಡನ ಕಾಲು ಬೆಂದುಹೋಗಿದೆ."

"ಇವತ್ತು ನಿಂಗೆ ಕೊಟ್ರೆ ನಾಳೆ ಊರಿಗೂರೇ ಕಾಲು ಚಾಚ್ತದೆ. ಆಮೇಲೆ ಅಂಗಡಿಗೆ ಯಾವನ್ ಬರ್ತಾನೆ, ನಿಮ್ಮಪ್ಪನಾ?"

"ನಮ್ಮಪ್ಪ ಯಾಕೆ ಬರ್ತಾನೆ? ಅವ್ನು ಕೈಯಲ್ಲೇ ಹೊಲೀತಿದ್ದ. ಎರಡು ದಿನಕ್ಕೆ ಒಂದು ಜೋಡಿ. ಆದ್ರೂ ಮನೇಲಿ ಎಲ್ರ ಕಾಲಿಗೂ ಮೆಟ್ಟು ಇತ್ತು. ನಾನು ಮೆಷಿನ್ನಲ್ಲಿ ದಿನಕ್ಕೆ ಇನ್ನೂರು ಹೊಲೀತೀನಿ. ನನ್ನ ಕಾಲು ನೋಡಿ."

ಬರಿಗಾಲು ಮುಂದೆ ಚಾಚಿದಳು. ಮೇಸ್ತ್ರಿ ಅದರ ಪಕ್ಕಕ್ಕೇ ಉಗಿದ.

"ತೆಗಿಯೇ ಆ ಹೊಲಸು! ಏಯ್, ಎಲ್ರೂ ಕೇಳ್ರೇ. ಎರಡೂ ಕುಯ್ತಾ ಕೂತ್ರೆ ವಾರ ಹಿಡೀತದೆ. ಜೋಡಿಗೊಂದು ಕುಯ್ರಿ, ಸಾಕು. ಒಂಟಿ ಶೂ ನಾಯಿಯೂ ಮೂಸಲ್ಲ."

ಹೇಳಿ ಟೀ ಕುಡಿಯಲು ಹೋದ. ಜೀವಮಾನದಲ್ಲಿ ಒಂದು ಶೂ ಹೊಲಿದವನಲ್ಲ.

ಹೊಲಿಗೆಯಕ್ಕ ಮಡಿಲಲ್ಲಿದ್ದ ಶೂ ತಿರುವಿ ಅಟ್ಟೆಯ ಮೇಲಿನ ಅಂಕಿ ನೋಡಿದಳು. ಆಮೇಲೆ ಎದುರು ಸಾಲಿನಲ್ಲಿದ್ದ, ಅಟ್ಟೆಗೆ ಅಂಟು ಬಳಿಯುವವಳನ್ನು ಕರೆದಳು.

"ಏ ಅಂಟಮ್ಮಾ, ಯಾವ ಕಾಲಿಂದು ಕುಯ್ತಿದೀಯೇ?"

"ಎಡದ್ದು. ಯಾಕಕ್ಕಾ?"

"ನಿಮ್ಮ ಸಾಲಿನವರು ಎಡದ್ದೇ ಕುಯ್ರಿ. ನಾವು ಬಲದ್ದು ಕುಯ್ತೀವಿ. ಉಳಿಯೋದು ನಿನ್ನ ಬಲ, ನನ್ನ ಎಡ. ಒಂಬತ್ತಕ್ಕೆ ಒಂಬತ್ತು."

ಅಂಟಮ್ಮನಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹೊಳೆದೊಡನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ನಿನ್ನ ಮನೆ ಕಾಯ್ವೋಗ!"

ಮಾತು ಬಾಯಿಂದ ಬಾಯಿಗೆ ಸಾಲುದ್ದಕ್ಕೂ ಹೋಯಿತು. ಮೇಸ್ತ್ರಿ ಬಂದು ನೋಡಿದಾಗ ಮೂವತ್ತು ಬ್ಲೇಡುಗಳೂ ಚುರುಕಾಗಿ ಓಡುತ್ತಿದ್ದವು. "ಹಾಂ, ಹೀಗೆ ಮೈ ಬಗ್ಗಿಸ್ಬೇಕು," ಅಂದ.

ಶನಿವಾರ ಸಂಜೆ ಎಲ್ಲವನ್ನೂ ಗೋಡೆಯಾಚೆ ಸುರಿದರು. ಭಾನುವಾರ ಬೆಳಿಗ್ಗೆ ಹೆಂಗಸರು ಆ ಕಸದ ರಾಶಿಯ ಮೇಲೆ ಕೂತು, ಅಟ್ಟೆಯ ಅಂಕಿ ನೋಡಿ ನೋಡಿ ಎಡಕ್ಕೆ ಬಲ ಹುಡುಕಿದರು. ಬೀದಿಗೆ ಹಂಚಿದರೂ ಮಿಕ್ಕವು.

ಸೋಮವಾರ ಗಂಡ ಕಾಲಿಗೆ ಬಟ್ಟೆ ಸುತ್ತಿ, ಅದರ ಮೇಲೆ ಶೂ ಏರಿಸಿ, ಕುಂಟುತ್ತಲೇ ಡಾಂಬರಿಗೆ ಹೋದ. ಹೊಲಿಗೆಯಕ್ಕ ಕಾರ್ಖಾನೆಗೆ ಬಂದಳು. ಬೀಗ ಹಾಕುವ ವಿಷಯ ಹೇಳಲು ಎಲ್ಲರನ್ನೂ ಕರೆಸಿದ್ದರು. ಸಿಮೆಂಟಿನ ಮೇಲೆ ಟಪ ಟಪ ಸದ್ದು. ಮೇಸ್ತ್ರಿ ತಲೆಯೆತ್ತಿದ. ಎಲ್ಲರ ಸೀರೆಯ ಅಂಚಿನ ಕೆಳಗೂ ಗಂಡಸರ ಅಳತೆಯ ಕಪ್ಪು ಶೂಗಳು, ತುದಿಗೆ ಚಿಂದಿ ತುರುಕಿದವು.

"ಬಿಚ್ರೇ ಕಳ್ಳ ಮುಂಡೇರಾ! ಸಾಹುಕಾರರ ಮಾಲು!"

"ಮಾಲಾ? ಮೊನ್ನೆ ಕಸ ಅಂದ್ರಿ," ಅಂದಳು ಹೊಲಿಗೆಯಕ್ಕ.

ಯಾರೂ ಬಗ್ಗಲಿಲ್ಲ. ಕೊನೆಗೆ ಅವನೇ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಶೂ ಲೇಸಿಗೆ ಕೈ ಹಾಕಿದ. ಗಂಟು ಬಿಗಿಯಾಗಿತ್ತು, ಉಗುರಿಗೆ ಸಿಗಲಿಲ್ಲ. ಸುತ್ತ ನಿಂತಿದ್ದ ಶೂಗಳು ಒಂದು ಹೆಜ್ಜೆ ಹತ್ತಿರ ಬಂದವು. ಅವನು ಲೇಸು ಬಿಡದೆ ತಲೆಯೆತ್ತಿ ನೋಡಿದ.

ಶೂಗಳು ಇನ್ನೊಂದು ಹೆಜ್ಜೆ ಇಟ್ಟವು.