ಅವಸರ

"ನಲವತ್ತನೇ ದಿನದ ಪ್ರಾರ್ಥನೆಗೆ ಆ ಪಾದ್ರಿ ಈ ಮನೆಗೆ ಬಂದ್ರೆ ನಾನು ಪುತ್ತೂರಿಗೆ ಹೋಗ್ತೇನೆ. ಮತ್ತೆ ಬರುದೂ ಇಲ್ಲ," ಎಂದಳು ಸುಪ್ರಿತಾ. ಮರಗೆಣಸು ಸುಲಿಯುತ್ತಿದ್ದ ಅತ್ತೆ ಶೋಶಮ್ಮನ ಕೈ ಅಲ್ಲೇ ನಿಂತಿತು.

ಸುಪ್ರಿತಾಳ ಗಂಡ ಬಿನೋಯ್ ಸತ್ತು ಒಂಬತ್ತು ದಿನ. ಇಚಿಲಂಪಾಡಿಯಲ್ಲಿ ರಸ್ತೆ ಅಗಲ ಮಾಡುವಾಗ ಗುಡ್ಡದ ಬರೆ ಜರಿದು ಮಣ್ಣಿನಡಿ ಹೋದ ಮೂವರಲ್ಲಿ ಅವನೊಬ್ಬ. ಗಂಡನನ್ನು ಮಣ್ಣಿನಿಂದ ತೆಗೆಸಿ ಮತ್ತೆ ಮಣ್ಣಿಗೇ ಇಟ್ಟು ಬಂದವಳಿಗೆ ಇವತ್ತು ಬೆಳಿಗ್ಗೆ ಚರ್ಚಿನ ಪ್ರಸಂಗದಲ್ಲಿ ಪಾದ್ರಿಯ ಬಾಯಿಂದ ಇನ್ನೊಂದು ಪೆಟ್ಟು.

ಸುಪ್ರಿತಾ ಪುತ್ತೂರಿನ ತುಳು ಕ್ರೈಸ್ತರ ಮನೆಯವಳು. ಈ ಮಲಯಾಳಿಗಳ ಮನೆಗೆ ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಕಲಿತದ್ದು ಅಡುಗೆಮನೆಯ ಮಲಯಾಳ, ಉಪ್ಪು ಹಾಕು, ಮೀನು ಬಂತು, ಅಷ್ಟೇ. ಪ್ರಸಂಗದ ಮಲಯಾಳ ಅವಳಿಗೆಲ್ಲಿ ತಿಳಿಯಬೇಕು! ಆದರೂ ಎರಡು ಮಾತು ಕಿವಿಗೆ ಸರಿಯಾಗಿ ಬಿದ್ದಿದ್ದವು. 'ನಶಿಚ್ಚು ಪೋಗುಂ' ಎಂದರೆ ನಾಶವಾಗಿ ಹೋಗುವುದು. ತುಳುವಿನವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇನ್ನೊಂದು, ದೇವರ ಅವಸರ.

"ದೇವರಿಗೆ ಎಂತ ಅಷ್ಟು ಅವಸರ? ಎರಡು ವರ್ಷ ಚರ್ಚಿಗೆ ಹೋಗ್ಲಿಲ್ಲ ಅಂತ ಅವರನ್ನು ಎಳ್ಕೊಂಡು ಹೋಗುದಾ? ಸತ್ತವರನ್ನು ಪಾಪಿ ಅನ್ಲಿಕ್ಕೆ ಆ ಪಾದ್ರಿ ಯಾರು?"

"ಅದು ಅವಸರ ಅಲ್ಲ ಮೋಳೆ, ನನ್ನ ಮಗಳೇ. ಅವಸರಂ."

"ಎರಡೂ ಒಂದೇ ಅಮ್ಮಚ್ಚಿ!"

"ಒಂದೇ ಅಲ್ಲ. ನಮ್ಮ ಭಾಷೆಯಲ್ಲಿ ಅವಸರಂ ಅಂದ್ರೆ... ಇನ್ನೊಂದು ಸಲ ಮಾಡ್ಲಿಕ್ಕೆ ಸಿಗುದು ಉಂಟಲ್ಲ, ಅದು."

"ಅವಕಾಶವಾ?"

"ಹಾಂ, ಅದೇ."

ಸುಪ್ರಿತಾಳ ಸಿಟ್ಟು ಇಳಿಯಲಿಲ್ಲ. "ಮತ್ತೆ ನಾಶ ಅಂದದ್ದು? ಅದಕ್ಕೂ ಬೇರೆ ಅರ್ಥ ಉಂಟಾ?"

"ಇಲ್ಲ. ನಿನ್ನ ಕನ್ನಡ ಬೈಬಲ್ ತೆಗಿ. ಲೂಕ, ಹದಿಮೂರು. ನಡುವಿಂದ ಓದ್ಬೇಡ, ಮೇಲಿಂದ ಓದು."

ಅವಳು ನಡುವಿಂದಲೇ ಓದಿದಳು. ದೇವರ ಕಡೆಗೆ ತಿರುಗದಿದ್ದರೆ ನೀವೆಲ್ಲರೂ ಹಾಗೆಯೇ ನಾಶವಾಗುವಿರಿ! "ನೋಡಿ, ಇಲ್ಲೇ ಉಂಟು!"

"ಮೇಲಿಂದ ಅಂದೆ."

ಹಲ್ಲು ಕಚ್ಚಿಕೊಂಡು ಪುಟದ ಮೇಲಕ್ಕೆ ಹೋದಳು. ಒಂದು ಬುರುಜು ಕುಸಿದು ಹದಿನೆಂಟು ಜನ ಸತ್ತಿದ್ದರು. ಅವರು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ತಿಳಿದಿರೋ ಎಂದು ಯೇಸು ಕೇಳುತ್ತಾನೆ. ತಾನೇ ಉತ್ತರಿಸುತ್ತಾನೆ, ಹಾಗಲ್ಲ. ಎಚ್ಚರಿಕೆ ಹೇಳಿದ್ದು ಬದುಕಿ ನಿಂತು ಕೇಳುತ್ತಿದ್ದವರಿಗೆ. ಕೆಳಗೆ ಕಾಯಿ ಬಿಡದ ಅಂಜೂರದ ಮರ. ಯಜಮಾನ ಕಡಿ ಎನ್ನುತ್ತಾನೆ, ತೋಟದವನು ಇನ್ನೊಂದು ವರ್ಷ ಬಿಡಿ, ಬುಡ ಬಿಡಿಸಿ ಗೊಬ್ಬರ ಹಾಕುತ್ತೇನೆ ಎಂದು ಬೇಡಿಕೊಳ್ಳುತ್ತಾನೆ. ಅವಸರಂ.

"ಹಾಗಾದ್ರೆ ಪಾದ್ರಿ ಅವರನ್ನು ಬೈದದ್ದಲ್ಲವಾ?"

"ಅಲ್ಲ. ನನಗೆ ಉತ್ತರ ಕೊಟ್ಟದ್ದು." ಶೋಶಮ್ಮ ತಲೆ ಎತ್ತಲಿಲ್ಲ. "ಚರ್ಚಿಗೆ ಬಾರದ್ದಕ್ಕೆ ದೇವರು ನನ್ನ ಮಗನಿಗೆ ಹೀಗೆ ಮಾಡಿದ್ದಾ ಅಂತ ಪಾದ್ರಿಯನ್ನು ಕೇಳಿದ್ದು ನಾನೇ. ಹೆತ್ತವಳು ನಾನೇ ಕೇಳಿದೆ."

ಸುಪ್ರಿತಾಳಿಗೆ ಕಿರುಚಬೇಕೆನಿಸಿತು. ನೀವಾ, ಅಮ್ಮಚ್ಚಿ, ನೀವಾ! ಆದರೆ ಈ ಹೆಂಗಸು ಒಂಬತ್ತು ದಿನ ಆ ಪ್ರಶ್ನೆಯನ್ನು ಮನೆಯಲ್ಲಿ ಯಾರಿಗೂ ಹೇಳದೆ ನುಂಗಿಕೊಂಡು ತಿರುಗಿದ್ದಳಲ್ಲ ಎಂದು ಸಂಕಟವಾಯಿತು.

"ಹಾಗಲ್ಲ ಅಂತ ಉಂಟಲ್ಲ, ಅದನ್ನು ಇನ್ನೊಮ್ಮೆ ಓದು."

ಓದಿದಳು.

"ಇನ್ನೊಮ್ಮೆ."

ಓದಿದಳು. ಕನ್ನಡ ಅಕ್ಷರ ಬಾರದ ಶೋಶಮ್ಮ ಪುಟದತ್ತ ಬಾಗಿ, "ಯಾವುದು ಅದು?" ಎಂದಳು. ಸುಪ್ರಿತಾ ಅವಳ ಪಕ್ಕ ನೆಲದಲ್ಲೇ ಕೂತು, ಅವಳ ಬೆರಳು ಹಿಡಿದು ಆ ಮಾತಿನ ಮೇಲಿಟ್ಟಳು.