ರೇಷ್ಮೆ ಸುತ್ತಿದ ಹೊಸ ಬಂದೂಕು

ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ನನ್ನಿವಾಳ ಎಂಬ ಊರಿನ ಹೊಲಗಳಿಗೆ ಕಾಡುಹಂದಿ ನುಗ್ಗುವುದು ಹೊಸದೇನಲ್ಲ. ಅದಕ್ಕೇ ಪಟೇಲ ಚಿಕ್ಕೀರಪ್ಪ ಲೈಸೆನ್ಸು ಮಾಡಿಸಿ ಬೆಂಗಳೂರಿನಿಂದ ಹೊಸ ಬಂದೂಕು ತರಿಸಿದ್ದ. ಮುಂದಿನ ಮರದ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಸಾಕು, ತೋಟಾ ತಾನೇ ನಳಿಗೆಗೆ ಏರುತ್ತಿತ್ತು. ಪಟೇಲನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಯುಧಪೂಜೆಯ ದಿನ ಎಲ್ಲರ ಮುಂದೆ ಮೊದಲ ಈಡು ಹಾರಿಸುತ್ತೇನೆಂದು ಊರಿಗೆಲ್ಲ ಸಾರಿಸಿಬಿಟ್ಟ.

ಆ ದಿನ ಬಂತು. ಅವನ ಹೆಂಡತಿ ಓಬಕ್ಕನಿಗೆ ಮಾತ್ರ ಎದೆ ಡವಡವ. ಕತ್ತಿ, ಕುಡುಗೋಲಿಗೆ ಮಾಡಿದಂತೆ ಬಂದೂಕಿಗೂ ಪೂಜೆ ಆಗಬೇಕಲ್ಲ? ಗಂಡ ನಳಿಗೆಯನ್ನು ತಿರುಗಿಸಿ ಬಿಚ್ಚಿ, ಸಂದುಗೊಂದಿಗೆಲ್ಲ ಗಂಧ ಕುಂಕುಮ ಮೆತ್ತಿ ಮತ್ತೆ ಜೋಡಿಸಿದ್ದ. ಓಬಕ್ಕ ಆರತಿಯನ್ನೂ ಎತ್ತಿದ್ದಳು. ಈಗ ನಳಿಗೆ ಮುದುಕರ ಹಲ್ಲಿನಂತೆ ಅಲ್ಲಾಡುತ್ತಿತ್ತು.

"ರೀ, ಇವತ್ತು ಹಾರಿಸಬ್ಯಾಡ್ರಿ."

"ಹೊಸಾದು ಕಣೇ! ಬಳಸ್ತಾ ಬಳಸ್ತಾ ಬಿಗಿಯಾಗ್ತೈತೆ."

ಹಬ್ಬದ ಸೀರೆ ತಂದಿದ್ದ ಮೊಳಕಾಲ್ಮೂರಿನ ನೇಕಾರ ರಂಗಯ್ಯ ಸುಮ್ಮನಿರಲಾರದೆ ಚೀಲದಿಂದ ರೇಷ್ಮೆ ತೆಗೆದ. ಹುರಿ ಹೊಸೆದು ನಳಿಗೆ ಅಲ್ಲಾಡುವ ಸಂದಿಗೆ ಸುತ್ತಿಯೇಬಿಟ್ಟ.

"ನೋಡಕ್ಕಾ, ನಾ ಹಾಕಿದ ಗಂಟು ಆನೆ ಎಳೆದ್ರೂ ಬಿಚ್ಚಲ್ಲ!"

ಇಬ್ಬರಿಗೂ ಹೇಳಿ ಪ್ರಯೋಜನವಿಲ್ಲ ಎಂದು ಓಬಕ್ಕ ಸೈನ್ಯದ ಪಲ್ಟನ್ನಿನಲ್ಲಿದ್ದು ಬಂದ ಬೋರಣ್ಣನಿಗೆ ಹೇಳಿಕಳಿಸಿದಳು. ತೋಟಾ ಪೆಟ್ಟಿಗೆಯನ್ನು ಜಗಲಿಗೆ ಎಳೆದು, ಹೊಸ ಸೀರೆಯಲ್ಲೇ ಅದರ ಮೇಲೆ ಕೂತಳು.

"ಏಳೇ, ಜನ ಕಾಯ್ತಾ ಅವ್ರೆ!"

"ಕಾಯ್ಲಿ. ಬೋರಣ್ಣ ಬರೋತನಕ ನಾ ಏಳಲ್ಲ."

ಬೋರಣ್ಣ ಬಂದವನೇ ರೇಷ್ಮೆ ನೋಡಿ ನಕ್ಕ. "ಇದೇನಲೇ, ಬಂದೂಕಿಗೂ ಸೀರೆ ಉಡಿಸೀಯಾ? ಮೊದ್ಲು ಇದು ಖಾಲಿ ಐತಾ ಹೇಳು."

"ಖಾಲಿ ಕಣಣ್ಣ. ತೋಟಾ ಎಲ್ಲಾ ಇವಳ ಕೆಳಗವೆ!" ಎಂದ ಪಟೇಲ.

ಜನ ಗೊಳ್ಳೆಂದು ನಕ್ಕರು. ಬೋರಣ್ಣ ನಗಲಿಲ್ಲ. ಎಲ್ಲರನ್ನೂ ತನ್ನ ಹಿಂದೆ ನಿಲ್ಲಿಸಿ, ಬಂದೂಕಿನ ಬಾಯನ್ನು ಬಯಲಿನ ನೆಲಕ್ಕೆ ತಿರುಗಿಸಿ ಹಿಡಿಯನ್ನು ಎಳೆದ. ಒಳಗಿದ್ದ ತೋಟಾ ಹೊರಗೆ ಹಾರಿ ಓಬಕ್ಕನ ಕಾಲಬಳಿಗೆ ಉರುಳಿತು.

ಚಿಕ್ಕೀರಪ್ಪನ ಮುಖ ಬಿಳಿಚಿಕೊಂಡಿತು. "ಜೋಡಿಸಿದ ಮ್ಯಾಲೆ ಹೆಂಗೇರ್ತೈತೆ ನೋಡಾಣಾಂತ ಒಂದು ಹಾಕಿದ್ದೆ... ಮರ್ತೇಬಿಟ್ಟೆ."

"ಇದರ ಬಾಯಿ ಮುಂದೇನೇ ನಿಂತು ಆರತಿ ಎತ್ತಿದ್ನಲ್ರೀ!" ಎಂದಳು ಓಬಕ್ಕ. ಅವಳ ಕಣ್ಣು ತುಂಬಿತು. ಪಟೇಲ ಉರುಳಿದ ತೋಟಾ ಎತ್ತಿ ಅವಳ ಕೈಗಿಟ್ಟ.

"ರಂಗಯ್ಯ, ಮಗ್ಗದ ಕಂಬ ಅಲ್ಲಾಡಿದ್ರೆ ದಾರ ಸುತ್ತಿ ನೇಯ್ತೀಯಾ?" ಎಂದು ಬೋರಣ್ಣ ಕೇಳಿದ.

"ಎಲ್ಲಾದರೂ ಉಂಟಾ! ಕಂಬ ಗಟ್ಟಿ ಮಾಡ್ಕೊಂಡೇ ಕೂರ್ತೀನಿ."

"ಇದೂ ಹಂಗೇ. ತೋಟಾ ಸಿಡಿದಾಗ ಬೆಂಕಿ ಮುಂದಕ್ಕೇ ಹೋಗ್ಬೇಕು. ನಳಿಗೆ ಸರಿಯಾಗಿ ಕೂರದಿದ್ರೆ ಕಬ್ಬಿಣಾನೇ ಸೀಳಿ ಹಾರಿಸಿದೋನ ಮುಖಕ್ಕೆ ಬರಬಹುದು. ರೇಷ್ಮೆ ತಡೀತೈತಾ?"

ರಂಗಯ್ಯ ತನ್ನ ಗಂಟನ್ನು ತಾನೇ ಬಿಚ್ಚಿದ. ನಳಿಗೆ ಕಳಚಿ ನೋಡಿದರೆ ತಿರುಪಿನ ತುಂಬ ಒಣಗಿದ ಗಂಧ! ಬೋರಣ್ಣ ಒರೆಸಿ ಮತ್ತೆ ಕೂರಿಸಿದ. ಅಲ್ಲಾಟ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

"ಇನ್ನು ನನ್ನ ಕೈಲಿಲ್ಲ. ದುರ್ಗದಾಗೆ ಬಂದೂಕು ರಿಪೇರಿಯೋರ ಹತ್ರ ಒಯ್ಯಿ."

"ಊರಿಗೆಲ್ಲ ಸಾರಿಸೀನಲ್ಲಣ್ಣ, ಮರ್ಯಾದೆ?"

"ನಿಮ್ಮ ಕಣ್ಣು, ಕೈಯಿ ನೆಟ್ಟಗಿದ್ರೆ ಅದೇ ಮರ್ಯಾದೆ" ಎಂದು ಓಬಕ್ಕ ಕೊನೆಗೂ ಪೆಟ್ಟಿಗೆಯಿಂದ ಎದ್ದಳು. "ಉರುಮೆ ಬಾರ್ಸೋಕೆ ಹೇಳ್ರಿ. ಅದರ ಸದ್ದೇನು ಕಮ್ಮೀನಾ?"

ಉರುಮೆ ಮೊಳಗಿತು. ಪಟೇಲ ಎಲ್ಲರಿಗಿಂತ ಮುಂದೆ ನಿಂತು ಕುಣಿದ.

ಚಿತ್ರದುರ್ಗದಿಂದ ಬಂದೂಕು ಬಿಗಿಯಾಗಿ ಬಂದಿತು. ಹಂದಿಗಳು ಹೆದರಿ ಗುಡ್ಡ ಸೇರಿದವು. ರಂಗಯ್ಯನ ರೇಷ್ಮೆ ಹುರಿಯಲ್ಲಿ ಈಗ ತೋಟಾ ಪೆಟ್ಟಿಗೆಯ ಬೀಗದ ಕೈ ಇದೆ. ಅದು ಓಬಕ್ಕನ ಸೊಂಟದಲ್ಲಿ ಇರುತ್ತದೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಬಂದೂಕು ಇದೆಯೇ? ಖಾಲಿ ಎಂದು ಯಾರೇ ಆಣೆ ಇಟ್ಟರೂ ಬಾಯನ್ನು ಬಯಲಿಗೆ ತಿರುಗಿಸಿ, ತೆರೆದು, ಕಣ್ಣಾರೆ ನೋಡಿ. ಪೂಜೆಗೆ ಒಂದು ಹೂವಿಟ್ಟರೆ ಸಾಕು, ಸಂದಿಗೆ ಗಂಧ ಬೇಡ. ನಳಿಗೆ ಎಳ್ಳಷ್ಟು ಅಲ್ಲಾಡಿದರೂ ಹಾರಿಸಬೇಡಿ. ದಾರ, ಮೊಳೆ, ಸುತ್ತಿಗೆಯ ಉಪಾಯ ಹೂಡದೆ ಬಲ್ಲವರ ಕೈಗೆ ಕೊಡಿ. ನಾಳೆ ಆರತಿ ಎತ್ತಲು ನಿಮ್ಮ ಮನೆಯ ಓಬಕ್ಕನೂ ಇರಬೇಕಲ್ಲವೇ?